ರೆಪ್ಪೆಗೂದಲಿನಷ್ಟು ಸ್ಪ್ರಿಂಗು

ಅಕ್ಕಿಕಾಳಿಗಿಂತ ಚಿಕ್ಕದಾದ ಯಾವ ವಸ್ತುವೂ ಕೈಯಿಂದ ಜಾರಿದಾಗ ಕೆಳಗೆ ಬೀಳುವುದಿಲ್ಲ, ಪಕ್ಕಕ್ಕೆ ಹೋಗುತ್ತದೆ. ಭೌತಶಾಸ್ತ್ರ ಓದಿದವರ ಮುಂದೆ ಈ ಮಾತು ಹೇಳುವ ಧೈರ್ಯ ನನಗಿಲ್ಲ. ಆದರೆ ನಿಮ್ಮ ಮುಂದೆ ಹೇಳಬಹುದು, ನೀವೂ ಎಂದಾದರೂ ಕನ್ನಡಕದ ತಿರುಪನ್ನು ಬೀಳಿಸಿಕೊಂಡಿರುತ್ತೀರಿ. ತೆಂಗಿನಕಾಯಿ ಕೆಳಗೆ ಬೀಳುತ್ತದೆ, ಸೌಟು ಕೆಳಗೆ ಬೀಳುತ್ತದೆ, ಗಂಡಸರ ಒದ್ದೆ ಟವೆಲ್ಲು ತಪ್ಪದೆ ಕೆಳಗೇ ಬೀಳುತ್ತದೆ. ಗಡಿಯಾರದ ತಿರುಪು ಮಾತ್ರ ಮೇಜಿನ ಅಂಚಿನಲ್ಲಿ ಒಂದು ಕ್ಷಣ ನಿಂತು, ನನ್ನ ಮುಖ ನೋಡಿ, ಆಮೇಲೆ ಬೀರುವಿನ ಅಡಿಯ ದಾರಿ ಹಿಡಿಯುತ್ತದೆ. ‘ಟಿಣ್’ ಎಂಬ ಸದ್ದು ಎಡಗಡೆ ಕೇಳಿಸಿದರೆ ವಸ್ತು ಬಲಗಡೆ ಸಿಗುತ್ತದೆ. ಸಿಕ್ಕರೆ.

ಈ ಜ್ಞಾನ ನನಗೆ ಬಂದದ್ದು ತಡವಾಗಿ, ಅರವತ್ತು ದಾಟಿದ ಮೇಲೆ. ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಹೇಳಿಕೊಟ್ಟವಳು ನಾನು. ಎಳೆಯ ಕಾಂಡವನ್ನು ಬ್ಲೇಡಿನಿಂದ ಕಾಗದಕ್ಕಿಂತ ತೆಳ್ಳಗೆ ಕತ್ತರಿಸಿ, ಚಿಮಟದಲ್ಲಿ ಎತ್ತಿ, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ತೋರಿಸುವುದು ನನ್ನ ನಿತ್ಯದ ಕೆಲಸವಾಗಿತ್ತು. ಹಾಗಾಗಿ ನನ್ನ ಕೈ ಬಹಳ ನಯವೆಂಬ ಹೆಮ್ಮೆ ಮೊದಲಿನಿಂದಲೂ ಇತ್ತು. ನಿವೃತ್ತಿಯ ದಿನ ಸಹೋದ್ಯೋಗಿಗಳು ಒಂದು ಗೋಡೆ ಗಡಿಯಾರ ಕೊಟ್ಟರು. ಇನ್ನು ಮುಂದೆ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗಬೇಕಾಗಿಲ್ಲದವರಿಗೆ ಗಡಿಯಾರ ಕೊಡುವ ಪದ್ಧತಿಯನ್ನು ಯಾರು ಶುರು ಮಾಡಿದರೋ ತಿಳಿಯದು. ಎರಡೇ ತಿಂಗಳಿಗೆ ಅದು ನಿಂತಿತು. ಅದಕ್ಕೂ ಕೆಲಸವಿರಲಿಲ್ಲ, ನನಗೂ ಕೆಲಸವಿರಲಿಲ್ಲ. ಬಿಚ್ಚಿದೆ. ಒಳಗೆ ಒಂದು ಹಲ್ಲಿನ ಚಕ್ರಕ್ಕೆ ಜೇಡರಬಲೆಯ ಎಳೆ ಸುತ್ತಿಕೊಂಡಿತ್ತು. ಚಿಮಟದಿಂದ ಎಳೆದು ತೆಗೆದೆ. ಗಡಿಯಾರ ನಡೆಯಿತು. ಆ ಮಧ್ಯಾಹ್ನ ನನಗಾದ ಸಂತೋಷ ಪಿಎಚ್‌ಡಿ ಬಂದಾಗಲೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ಅಲಾರಂ ಗಡಿಯಾರಗಳು, ಕೀಲಿ ಕೊಡುವ ಹಳೆಯ ಕೈಗಡಿಯಾರಗಳು. ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ ಒಂದು ಮೇಜು ಹಾಕಿಕೊಂಡೆ. ಚಿಮಟ ಇತ್ತು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಕೊಂಡೆ, ಚಿಕ್ಕ ಸ್ಕ್ರೂಡ್ರೈವರುಗಳ ಒಂದು ಡಬ್ಬಿ ತರಿಸಿಕೊಂಡೆ. ಒಂದೇ ತೊಂದರೆಯೆಂದರೆ ನೆಲ. ನಮ್ಮ ಮಾವನವರು ಈ ಮನೆ ಕಟ್ಟಿಸಿದಾಗ ಮೊಸಾಯಿಕ್ ನೆಲ ದೊಡ್ಡ ಅಂತಸ್ತಿನ ಗುರುತಾಗಿತ್ತಂತೆ. ಕಪ್ಪು, ಬಿಳಿ, ಬೂದು, ಕಂದು ಚೂರುಗಳನ್ನು ಎರಚಿದಂತಿರುವ ಈ ನೆಲದ ಮೇಲೆ ಒಂದು ತಿರುಪು ಬಿದ್ದರೆ ಅದು ಬೀಳುವುದಲ್ಲ, ತನ್ನ ನೆಂಟರ ಮನೆಗೆ ಹೋಗಿ ಸೇರುವುದು. ಪಕ್ಕದ ರಸ್ತೆಯ ಹಳೇ ಮನೆಗಳ ಕೆಂಪು ಗಾರೆಯ ನೆಲ ನೋಡಿದಾಗಲೆಲ್ಲ ನನಗೆ ಹೊಟ್ಟೆಯುರಿ.

ಬೀಳಿಸುವವರಿಗೆ ಲೋಕದಲ್ಲಿ ಉಪದೇಶಕ್ಕೆ ಕೊರತೆಯಿಲ್ಲ. ಇಂಥ ಹವ್ಯಾಸದ ಗೀಳಿರುವವರು ಮೊಬೈಲಿನಲ್ಲಿ ದಿನಕ್ಕೊಂದು ಉಪಾಯ ಹೇಳಿಕೊಡುತ್ತಾರೆ. ಅವರು ಹೇಳಿದ್ದನ್ನೆಲ್ಲ ನಾನು ಮಾಡಿದ್ದೇನೆ. ಅಂಚಿರುವ ತಟ್ಟೆಯೊಳಗೆ ಕೆಲಸ ಮಾಡಿ ಎಂದರು. ಊಟದ ತಟ್ಟೆಗೆ ಬಿಳಿ ಬಟ್ಟೆ ಹಾಸಿಕೊಂಡು ಮಾಡಿದೆ, ಇವತ್ತಿಗೂ ಮಾಡುತ್ತೇನೆ. ಬಿಚ್ಚಿದ ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಖಾನೆ ಖಾನೆಯಾಗಿ ಇಡಿ ಎಂದರು. ನಮ್ಮನೆಯವರ ರಕ್ತದೊತ್ತಡದ ಮಾತ್ರೆಗೆಂದು ತಂದ, ವಾರದ ಏಳು ದಿನಕ್ಕೆ ಏಳು ಖಾನೆಯಿರುವ ಡಬ್ಬಿಗಳು ಎರಡಿದ್ದವು. ಒಂದನ್ನು ನಾನು ತೆಗೆದುಕೊಂಡೆ. ಯಾವುದು ಯಾವುದೆಂದು ಬರೆದಿಡುವುದು ಮಾತ್ರ ಮರೆತೆ. ಬುಧವಾರ ಬೆಳಿಗ್ಗೆ ಅವರು ಅಂಗೈಯಲ್ಲಿ ಏನನ್ನೋ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ನೀರಿನ ಲೋಟದೊಂದಿಗೆ ನನ್ನ ಕೋಣೆಗೆ ಬಂದರು.

“ವಸು, ಡಾಕ್ಟ್ರು ನನಗೆ ಐರನ್ ಮಾತ್ರೆ ಯಾವಾಗ ಬರ್ಕೊಟ್ರು?”

ಮೂರು ತಿರುಪುಗಳಿದ್ದವು. ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಮನುಷ್ಯ, ಬಂದದ್ದನ್ನೆಲ್ಲ ವಿಳಾಸ ನೋಡಿಯೇ ಮುಂದೆ ಕಳಿಸುವ ಅಭ್ಯಾಸವಿದ್ದುದರಿಂದ ಬಚಾವಾದೆವು.

ಬಿದ್ದ ವಸ್ತು ಎಲ್ಲಿ ಹೋಯಿತೆಂದು ತಿಳಿಯಬೇಕಾದರೆ, ಅಂಥದೇ ಇನ್ನೊಂದನ್ನು ಅದೇ ಜಾಗದಿಂದ ಬೇಕೆಂದೇ ಬೀಳಿಸಿ, ಅದು ಹೋಗುವ ದಾರಿ ನೋಡಿ ಎಂದೂ ಒಬ್ಬರು ಹೇಳಿದ್ದರು. ಬೀಳಿಸಿದೆ. ಎರಡೂ ಹೋದವು. ಟಾರ್ಚನ್ನು ನೆಲದ ಮೇಲೆ ಮಲಗಿಸಿ ಹಚ್ಚಿದರೆ ಚಿಕ್ಕ ವಸ್ತುವಿಗೂ ಉದ್ದ ನೆರಳು ಬೀಳುತ್ತದೆ ಎಂಬುದು ಮಾತ್ರ ನಿಜವಾದ ಉಪಾಯ. ಹಾಗೆ ಟಾರ್ಚು ಮಲಗಿಸಿ, ಅದರ ಪಕ್ಕ ನಾನೂ ಕೆನ್ನೆಯನ್ನು ನೆಲಕ್ಕೆ ತಾಗಿಸಿ ಮಲಗಿ ನೋಡಿದಾಗ ನನಗೆ ಸಿಕ್ಕಿದ್ದು ಎರಡು ತೊಗರಿಬೇಳೆ, ಒಂದು ರವಿಕೆಯ ಹುಕ್ಕು ಮತ್ತು ಆರು ವರ್ಷದ ಹಿಂದೆ ಕಳೆದಿದ್ದ ನನ್ನ ಓಲೆಯ ತಿರುಪು.

ಓಲೆಯ ತಿರುಪು ಕೈಗೆ ಬಂದಾಗ ಹೊಳೆಯಿತು: ಚಿಕ್ಕ ವಸ್ತುಗಳನ್ನು ಬೀಳಿಸಿ ಹುಡುಕುವ ವಿದ್ಯೆ ನಮ್ಮ ಹೆಂಗಸರಿಗೆ ಹೊಸದೇನಲ್ಲ. ಓಲೆ, ಮೂಗುಬೊಟ್ಟು ತೆಗೆಯುವ ಮುಂಚೆ ನಮ್ಮಮ್ಮ ಬಚ್ಚಲಿನ ಕಂಡಿಗೆ ಬಟ್ಟೆ ತುರುಕುತ್ತಿದ್ದಳು, ಮಡಿಲಲ್ಲಿ ಸೆರಗು ಹರಡಿಕೊಂಡು ಕೂರುತ್ತಿದ್ದಳು, ಬಿದ್ದರೆ “ಯಾರೂ ಕಸ ಗುಡಿಸ್ಬೇಡಿ” ಎಂದು ಮನೆಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಚಿನ್ನದ ಕೆಲಸ ಮಾಡುವವರಂತೂ ಅಂಗಡಿಯ ಕಸವನ್ನು ಎಸೆಯುವುದೇ ಇಲ್ಲ. ಅವರ ಬಾಗಿಲ ಮುಂದಿನ ಧೂಳನ್ನು ಗುಡಿಸಿ ಒಯ್ದು, ನೀರಿನಲ್ಲಿ ಜಾಲಿಸಿ, ಚಿನ್ನದ ಕಣ ತೆಗೆದು ಬದುಕುವ ಜನವೇ ಇದ್ದಾರೆ. ಅದೇ ಕಸುಬಿನವರ ಇನ್ನೊಂದು ಉಪಾಯವನ್ನೂ ನಾನು ಎರವಲು ತಂದೆ. ಒಂದು ಬಟ್ಟೆಯ ಒಂದು ತುದಿಯನ್ನು ಮೇಜಿನ ಅಂಚಿಗೆ ಮೊಳೆ ಹೊಡೆದು, ಇನ್ನೊಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳುವುದು. ನಡುವೆ ತೊಟ್ಟಿಲಿನಂತೆ ಜೋಲುವ ಬಟ್ಟೆಯಲ್ಲಿ ಬಿದ್ದದ್ದೆಲ್ಲ ಬಂದು ಕೂರುತ್ತದೆ. ಎರಡು ತಿಂಗಳು ಒಂದು ತಿರುಪೂ ಕಳೆಯಲಿಲ್ಲ. ಒಂದು ದಿನ ಕೊರಿಯರಿನವನು ಬಾಗಿಲ ಗಂಟೆ ಒತ್ತಿದ. ನಾನು ಸೊಂಟಕ್ಕೆ ಮೇಜು ಕಟ್ಟಿಕೊಂಡಿರುವುದನ್ನು ಮರೆತು ಎದ್ದೆ. ಮೇಜೂ ನನ್ನ ಜೊತೆ ಎದ್ದಿತು. ಆ ಅಲಾರಂ ಗಡಿಯಾರದ ಎಷ್ಟು ಭಾಗ ಸಿಕ್ಕಿತು, ಎಷ್ಟು ಮೊಸಾಯಿಕ್ಕಿಗೆ ಸೇರಿತು ಎಂದು ಕೇಳಬೇಡಿ. ಅಂದಿನಿಂದ ಆ ಬಟ್ಟೆಯನ್ನು ಮಡಚಿ ಬೀರುವಿನೊಳಗೆ ಇಟ್ಟುಬಿಟ್ಟೆ. ನನ್ನ ಮುಂದಿನ ಕಷ್ಟಕ್ಕೆಲ್ಲ ಅದೇ ಕಾರಣ.

ನಮ್ಮ ಎದುರು ಮನೆಯಲ್ಲಿ ವಿಶಾಲಾಕ್ಷಮ್ಮನವರಿದ್ದಾರೆ. ಎಂಬತ್ತೆರಡು ವರ್ಷ. ಹೆರಿಗೆ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ಮೂವತ್ತಾರು ವರ್ಷ ದುಡಿದವರು. ನಡಿಗೆ ಈಗಲೂ ವಾರ್ಡಿನ ನಡಿಗೆಯೇ, ಎದುರು ಬಂದವರು ತಾವೇ ಪಕ್ಕಕ್ಕೆ ಸರಿಯಬೇಕು. ಒಂದು ಬೆಳಿಗ್ಗೆ ಅವರು ಒಂದು ಚಿಕ್ಕ ಬಟ್ಟೆಯ ಗಂಟು ತಂದು ನನ್ನ ಮೇಜಿನ ಮೇಲೆ ಬಿಚ್ಚಿದರು. ಒಳಗೆ ನರ್ಸುಗಳು ಎದೆಗೆ ಪಿನ್ ಮಾಡಿಕೊಳ್ಳುತ್ತಿದ್ದ ಗಡಿಯಾರ. ತಲೆಕೆಳಗಾಗಿ ನೇತಾಡುತ್ತದೆ; ತೊಟ್ಟವರು ತಲೆ ಬಗ್ಗಿಸಿ ನೋಡಿದರೆ ಮಾತ್ರ ನೆಟ್ಟಗೆ ಕಾಣುತ್ತದೆ. ಎರಡು ಕೈಯಲ್ಲೂ ಕೆಲಸವಿರುವವರಿಗೆಂದು ಯಾರೋ ಯೋಚಿಸಿ ಮಾಡಿದ ವಸ್ತು.

“ನಿಂತು ಹನ್ನೊಂದು ವರ್ಷ ಆಯ್ತು ಕಣಮ್ಮ. ಎರಡು ಅಂಗಡಿಗೆ ತೋರಿಸ್ದೆ. ಪಾರ್ಟ್ಸ್ ಸಿಗಲ್ಲ, ಎಸೀರಿ ಅಂದ್ರು. ಎಸೀರಿ ಅಂತೆ!” ಎಂದು ಅವರು ಆ ಅಂಗಡಿಯವರನ್ನು ಅಲ್ಲಿಯೇ ನಿಲ್ಲಿಸಿಕೊಂಡಂತೆ ಗದರಿದರು. “ನೀನು ವಾಚ್ ಮೇಡಂ ಅಂತ ಬೀದಿಯೆಲ್ಲ ಹೆಸರು ಮಾಡಿದ್ದೀಯಲ್ಲ, ನೋಡು.”

ಆಮೇಲೆ, ಸ್ವಲ್ಪ ತಗ್ಗಿದ ದನಿಯಲ್ಲಿ, ಅವಸರವೇಕೆಂದು ಹೇಳಿದರು. ಮೊಮ್ಮಗಳು ಶ್ರುತಿಗೆ ದಿನ ತುಂಬುತ್ತಿತ್ತು. ಹೆರಿಗೆಗೆ ಜಯನಗರದ ಆಸ್ಪತ್ರೆಯೊಂದರಲ್ಲಿ ಹೆಸರು ಬರೆಸಿದ್ದರು. ಇನ್ನು ಹದಿನೈದು ದಿನ.

“ಎಷ್ಟು ಸಾವಿರ ಮಕ್ಕಳು ಹುಟ್ಟಿದ ಹೊತ್ತನ್ನ ಈ ಗಡಿಯಾರ ನೋಡಿ ಬರ್ದಿದ್ದೀನೋ, ಲೆಕ್ಕ ಇಲ್ಲ. ಎಲ್ಲಾ ಊರವರ ಮಕ್ಕಳು. ನನ್ನ ಮಕ್ಕಳು ಹುಟ್ಟಿದಾಗ ಬೇರೆ ಯಾರೋ ಬರೆದ್ರು. ಮೊಮ್ಮಕ್ಕಳು ಹುಟ್ಟಿದಾಗ ನಾನು ಡ್ಯೂಟೀಲಿದ್ದೆ. ಇದೊಂದು ಮಗು ಹುಟ್ಟೋ ಹೊತ್ತನ್ನ ನಾನೇ ನೋಡಿ ಬರೀಬೇಕು ಅಂತ ಆಸೆ.”

ಇಂಥ ಮಾತು ಕೇಳಿದ ಮೇಲೆ ಬುದ್ಧಿಯಿರುವವರು ‘ನನ್ನಿಂದಾಗದು’ ಎಂದು ಕೈ ಮುಗಿಯಬೇಕು. ನಾನು ‘ಎರಡು ದಿನ ಕೊಡಿ’ ಎಂದೆ.

ಗಡಿಯಾರದಲ್ಲಿ ಒಡೆದದ್ದೇನೂ ಇರಲಿಲ್ಲ. ಹಳೆಯ ಎಣ್ಣೆ ಗಟ್ಟಿಯಾಗಿ ಅಂಟಿನಂತಾಗಿತ್ತು, ಅಷ್ಟೇ. ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿ ಜೋಡಿಸಿದರೆ ನಡೆಯುತ್ತದೆ ಎಂದು ಮೊದಲ ದಿನವೇ ಗೊತ್ತಾಯಿತು. ಎರಡನೆಯ ದಿನ ಬೆಳಿಗ್ಗೆ ಜೋಡಿಸಲು ಕೂತೆ. ಹನ್ನೊಂದು ಗಂಟೆಗೆ ಕತ್ರಿಗುಪ್ಪೆಯಲ್ಲಿ ಗೆಳತಿಯೊಬ್ಬಳ ಮನೆಗೆ ಹೋಗಬೇಕಾಗಿತ್ತು. ಗಂಜಿ ಹಾಕಿದ ಹತ್ತಿ ಸೀರೆ ಉಟ್ಟು ಸಿದ್ಧವಾಗಿಯೇ ಕೂತಿದ್ದೆ. ಇನ್ನೊಂದು ಗಂಟೆ ಇದೆಯಲ್ಲ, ಮುಗಿಸಿಯೇ ಹೋಗೋಣ ಎಂಬ ಆತುರ.

ಗಡಿಯಾರಕ್ಕೆ ಕೀಲಿ ಕೊಡುವಾಗ ‘ಕರ್ ಕರ್’ ಎಂಬ ಸದ್ದು ಬರುತ್ತದಲ್ಲ, ಆ ಸದ್ದು ಮಾಡುವುದು ಒಂದು ಪುಟ್ಟ ತಡೆ. ಸುತ್ತಿದ ಕೀಲಿ ಹಿಂದಕ್ಕೆ ಬಿಚ್ಚಿಕೊಳ್ಳದಂತೆ ಅದು ಚಕ್ರದ ಹಲ್ಲನ್ನು ಹಿಡಿದುಕೊಂಡಿರುತ್ತದೆ. ಅದನ್ನು ಅದರ ಜಾಗದಲ್ಲಿ ಒತ್ತಿ ನಿಲ್ಲಿಸಲು ಒಂದು ಸ್ಪ್ರಿಂಗು. ಎಷ್ಟು ಚಿಕ್ಕದೆಂದರೆ, ಕಣ್ಣಿನ ರೆಪ್ಪೆಯ ಒಂದು ಕೂದಲನ್ನು ಕಿತ್ತು ತುದಿ ಬಗ್ಗಿಸಿದಂತೆ. ಅದಿಲ್ಲದಿದ್ದರೆ ಉಳಿದ ಗಡಿಯಾರ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ನಾನು ಅದನ್ನು ಚಿಮಟದಲ್ಲಿ ಹಿಡಿದು, ಉಸಿರು ಕಟ್ಟಿ, ಜಾಗಕ್ಕೆ ಒತ್ತಿದೆ. ಅದು ಚಿಮ್ಮಿತು.

ಕರ್ಣಕುಂಡಲದ ಗಿಡವನ್ನು ನೀವು ನೋಡಿರುತ್ತೀರಿ. ಮಾಗಿದ ಕಾಯಿಯನ್ನು ಮುಟ್ಟಿದರೆ ಸಾಕು, ಸಿಡಿದು, ಸುರುಳಿ ಸುತ್ತಿಕೊಂಡು, ಬೀಜಗಳನ್ನು ದೂರ ದೂರಕ್ಕೆ ಎಸೆಯುತ್ತದೆ. ತಾಯಿಯ ನೆರಳಿನಿಂದ ಮಕ್ಕಳು ಆಚೆ ಹೋಗಿ ಬೆಳೆಯಲೆಂದು ಗಿಡ ಮಾಡಿಕೊಂಡ ವ್ಯವಸ್ಥೆ ಎಂದು ಮೂವತ್ತೊಂದು ವರ್ಷ ನಾನೇ ಬಣ್ಣಿಸಿ ಬಣ್ಣಿಸಿ ಪಾಠ ಹೇಳಿದ್ದೇನೆ. ಆ ಕ್ಷಣದಲ್ಲಿ ಅದರ ಸೊಗಸು ನನಗೆ ಕಾಣಲಿಲ್ಲ. ಸದ್ದು ಕೂಡ ಆಗಲಿಲ್ಲ. ಸದ್ದು ಮಾಡುವಷ್ಟು ತೂಕವೇ ಅದಕ್ಕಿರಲಿಲ್ಲ.

ಗೆಳತಿಗೆ ಬರುವುದಿಲ್ಲವೆಂದು ಫೋನು ಮಾಡಿದೆ. ಸೀರೆ ಬದಲಿಸಿ, ಹಳೆಯ ನೈಟಿ ಹಾಕಿಕೊಂಡು ನೆಲಕ್ಕೆ ಇಳಿದೆ. ಟಾರ್ಚು ಮಲಗಿಸಿದೆ, ನಾನು ಮಲಗಿದೆ. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಹಳೆಯ ಕಾಲುಚೀಲ ಕಟ್ಟಿ, ಎಳೆದುಕೊಂಡದ್ದು ಒಳಗೆ ಹೋಗದಂತೆ ಮಾಡಿ, ಗೋಡೆಯಿಂದ ಗೋಡೆಗೆ ಆಡಿಸಿದೆ. ಅಯಸ್ಕಾಂತಕ್ಕೆ ದಾರ ಕಟ್ಟಿ ಬೀರುವಿನಡಿ ಎಳೆದಾಡಿದೆ. ಕಸ ಗುಡಿಸಲು ಬಂದ ಮಂಜುಳಾಗೆ ಆ ಕೋಣೆಗೆ ಕಾಲಿಡಬೇಡ ಎಂದೆ. ಅವಳು “ನಾಳೇನೂ ಸಿಗ್ದೇ ಇದ್ರೆ ನಾಳೇನೂ ಬೇಡ್ವಾ ಅಕ್ಕ?” ಎಂದು ತುಂಬು ಆಸೆಯಿಂದ ಕೇಳಿದಳು.

ಸಿಗಲಿಲ್ಲ. ಆ ದಿನವೂ ಇಲ್ಲ, ಮಾರನೆಯ ದಿನವೂ ಇಲ್ಲ. ಹಳೆಯ ಗಡಿಯಾರಗಳ ಭಾಗ ಮಾರುವ ಇಬ್ಬರಿಗೆ ಫೋಟೋ ಕಳಿಸಿದೆ. ಇಬ್ಬರೂ ಇಲ್ಲವೆಂದರು. ತೆಳ್ಳನೆಯ ತಂತಿ ಬಗ್ಗಿಸಿ ನಾನೇ ಒಂದು ಮಾಡಲು ಹೋದೆ. ಅದು ಒಂದು ಸಲ ಒತ್ತಿದರೆ ಒತ್ತಿದಂತೆಯೇ ಮಲಗಿತು. ಈ ನಡುವೆ ವಿಶಾಲಾಕ್ಷಮ್ಮ ಬಾಲ್ಕನಿಯಿಂದ ಎರಡು ಸಲ “ಏನಾಯ್ತು ವಸುಧಾ?” ಎಂದು ಕೇಳಿದ್ದರು. ನಾನು ಎರಡು ಸಲವೂ “ಎಣ್ಣೆ ಆರ್ತಿದೆ ಅಮ್ಮ” ಎಂದಿದ್ದೆ. ಗಡಿಯಾರದ ಎಣ್ಣೆ ಆರುವುದಿಲ್ಲ. ಆರಬಾರದೆಂದೇ ಅದನ್ನು ಹಾಕುವುದು.

“ಹೋಗಿ ಹೇಳ್ಬಿಡು,” ಎಂದರು ನಮ್ಮನೆಯವರು. “ಕಾಗದ ಕಳೆದ್ರೆ ಕಳೆದಿದೆ ಅಂತ ಬೇಗ ಹೇಳಿದಷ್ಟೂ ಒಳ್ಳೇದು. ಕಾಯೋರಿಗೆ ಕಾಯೋದೇ ಕಷ್ಟ.”

ಮೂರನೆಯ ದಿನ ಮಧ್ಯಾಹ್ನ ರಸ್ತೆ ದಾಟಿ ಹೋದೆ. ವಿಶಾಲಾಕ್ಷಮ್ಮ ಕುರ್ಚಿಯಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದರು. ಕೆಲಸಕ್ಕೆ ತಡವಾಗಿ ಬಂದ ಹೊಸ ನರ್ಸಿನಂತೆ ಬಾಗಿಲಲ್ಲೇ ನಿಂತು ಹೇಳಿದೆ.

“ಅಮ್ಮ, ಒಂದು ತಪ್ಪಾಗಿದೆ. ಗಡಿಯಾರದ ಒಂದು ಸ್ಪ್ರಿಂಗು ಕಳೆದುಬಿಟ್ಟಿದ್ದೀನಿ. ಎಣ್ಣೆ ಆರ್ತಿದೆ ಅಂದಿದ್ದು ಸುಳ್ಳು.”

ಅವರು ಕೈಯಲ್ಲಿದ್ದ ಹುರುಳಿಕಾಯಿಯ ನಾರನ್ನು ಪೂರಾ ಎಳೆದು ತೆಗೆದರು. ಆಮೇಲೆ ನನ್ನನ್ನು ನೋಡಿದರು. ಬೈದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

“ಯಾವತ್ತು?”

“ಮೊನ್ನೆ. ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ.”

“ಮೂರು ದಿನ ಒಬ್ಬಳೇ ಹುಡುಕಿದ್ದೀಯಾ?” ಎಂದು ಎದ್ದು ನಿಂತರು. “ನಮ್ಮ ಥಿಯೇಟರಲ್ಲಿ ಹೊಲಿಗೆ ಹಾಕೋಕ್ ಮುಂಚೆ ಸೂಜಿ, ಹತ್ತಿ, ಕತ್ತರಿ ಎಲ್ಲಾ ಎಣಿಸ್ತಿದ್ವಿ. ಒಂದು ಕಮ್ಮಿ ಬಂತು ಅಂದ್ರೆ ದೊಡ್ಡ ಡಾಕ್ಟ್ರಾದ್ರೂ ನಿಂತಲ್ಲೇ ನಿಲ್ಬೇಕು. ಕಳೆದೋರು ಹುಡುಕ್ಬಾರ್ದು. ಕಳೆದೋರ್ಗೆ ಭಯ ಇರತ್ತೆ, ಭಯ ಇರೋರು ದೂರ ದೂರ ಹುಡುಕ್ತಾರೆ. ನಡಿ.”

ನನ್ನ ಕೋಣೆಗೆ ಬಂದು ಅವರು ನೆಲದ ಕಡೆ ನೋಡಲೇ ಇಲ್ಲ. ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಮೊನ್ನೆ ಹೇಗೆ ಕೂತಿದ್ದೆಯೋ ಹಾಗೇ ಕೂರು, ಚಿಮಟ ಹಾಗೇ ಹಿಡಿ ಎಂದರು. ಮೊದಲು ಚಿಮಟ ನೋಡಿದರು. ಅದರ ತುದಿಗೇ ಅಂಟಿಕೊಂಡಿರಬಹುದೆಂದು. ಆಮೇಲೆ ತಟ್ಟೆಯ ಬಟ್ಟೆಯ ಅಡಿ. ಆಮೇಲೆ ನನ್ನ ಭೂತಗನ್ನಡಿಯ ಪಟ್ಟಿ. ಆಮೇಲೆ ನನ್ನ ತಲೆಕೂದಲು, ಮಗುವಿನ ತಲೆ ನೋಡುವಂತೆ ಬೆರಳಿನಿಂದ ಬಿಡಿಸಿ ಬಿಡಿಸಿ. ಹತ್ತಿರದಿಂದ ದೂರಕ್ಕೆ, ಒಂದು ಜಾಗ ಮುಗಿಯದೆ ಇನ್ನೊಂದಕ್ಕೆ ಹೋಗುವಂತಿಲ್ಲ. ಮೂರು ದಿನ ನೆಲದ ಮೇಲೆ ಹೊರಳಿದ ನನಗೆ ನನ್ನನ್ನೇ ಹುಡುಕಿಕೊಳ್ಳಬೇಕೆಂದು ತೋಚಿರಲಿಲ್ಲ.

“ಅವತ್ತು ಏನು ಉಟ್ಟಿದ್ದೆ?”

“ನೀಲಿ ಕಾಟನ್ ಸೀರೆ.”

“ಎಲ್ಲಿದೆ?”

ಸೀರೆ ಬೀರುವಿನಲ್ಲಿತ್ತು. ಒಂದೇ ಗಂಟೆ ಉಟ್ಟದ್ದು, ಒಗೆಯುವುದೇಕೆಂದು ಅವತ್ತು ಸಂಜೆಯೇ ಇಸ್ತ್ರಿಗೆ ಕೊಟ್ಟಿದ್ದೆ. ಹಿಂದಿನ ದಿನವಷ್ಟೇ ಬಂದಿತ್ತು. ಹಾಸಿಗೆಯ ಮೇಲೆ ಬಿಳಿ ದುಪ್ಪಟಿ ಹಾಸಿ, ಅದರ ಮೇಲೆ ಸೀರೆಯನ್ನು ಮಡಿಕೆ ಮಡಿಕೆಯಾಗಿ ಬಿಚ್ಚಿ, ಕೊಡವಿ, ಕೈಯಾಡಿಸಿ ನೋಡಿದೆವು. ಇರಲಿಲ್ಲ.

“ಗಂಜಿ ಸೀರೆ ನೆರಿಗೆ ಅಂದ್ರೆ ಹತ್ತು ಜೇಬಿದ್ದ ಹಾಗೆ. ಬಿದ್ದಿದ್ರೆ ಅಲ್ಲೇ ಬಿದ್ದಿರತ್ತೆ,” ಎಂದರು ವಿಶಾಲಾಕ್ಷಮ್ಮ. “ಇಸ್ತ್ರಿ ಮುನಿರಾಜು ತಾನೆ? ಚಪ್ಪಲಿ ಹಾಕ್ಕೋ.”

ಮುನಿರಾಜು ಪಾರ್ಕಿನ ಮೂಲೆಯ ಹೊಂಗೆ ಮರದಡಿ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದಾನೆ. ನಾವಿಬ್ಬರೂ ಬರುವುದನ್ನು ಕಂಡು, ಸೀರೆ ಸುಟ್ಟಿತೇನೋ ಎಂದು ಅವನ ಮುಖ ಚಿಕ್ಕದಾಯಿತು. ವಿಷಯ ಹೇಳಿದೆವು. ರೆಪ್ಪೆಗೂದಲಿನಷ್ಟು ಸ್ಪ್ರಿಂಗು ಎಂದು ನಾನು ಬೆರಳ ತುದಿಯಲ್ಲಿ ತೋರಿಸಿದಾಗ ಯಾರಾದರೂ ನಗಬೇಕಾಗಿತ್ತು. ಅವನು ನಗಲಿಲ್ಲ.

“ಕಬ್ಬಿಣದ್ದಾ ಮೇಡಂ?”

“ಉಕ್ಕಿಂದು.”

“ಅಂಗಾರೆ ಒಂದು ಚಾನ್ಸು ಐತೆ,” ಎಂದು ಗಾಡಿಯ ಪಕ್ಕದ ಮೊಳೆಗೆ ನೇತುಹಾಕಿದ್ದ ಏನನ್ನೋ ತೆಗೆದು ಮುಂದೆ ಇಟ್ಟ. ಮುಳ್ಳುಹಂದಿಯ ಮರಿಯಂತಿತ್ತು. ಹಾಳಾದ ಸ್ಪೀಕರಿನಿಂದ ಕಿತ್ತ ದುಂಡು ಅಯಸ್ಕಾಂತ. ಅದರ ಮೈಯೆಲ್ಲ ಗುಂಡುಸೂಜಿ, ಸೇಫ್ಟಿ ಪಿನ್ನು, ಹುಕ್ಕು, ಡ್ರೈಕ್ಲೀನಿಂಗ್ ಚೀಟಿಯ ಪಿನ್ನು, ದಾರದ ಜುಂಗು.

“ಬಟ್ಟೆ ಆಸಿದ್ ಮ್ಯಾಕೆ ಒಂದ್ ಸುತ್ತು ಇದ್ನ ಆಡಿಸ್ಬುಡ್ತೀನಿ ಮೇಡಂ. ಒಂದ್ ಪಿನ್ನು ಪೆಟ್ಗೆ ತಳಕ್ಕೆ ಸಿಕ್ತು ಅಂದ್ರೆ ತಳ ಗೀರೋಯ್ತದೆ, ಆಮ್ಯಾಕೆ ಎಲ್ರ ಬಟ್ಟೇನೂ ಗೀರ್ತದೆ. ನಮ್ಮಪ್ಪನ್ ಕಾಲದಿಂದ ಇಂಗೇಯ. ತಿಂಗ್ಳಿಗೊಂದ್ ಕಿತ ಕಿತ್ತಾಕ್ತೀನಿ. ಈ ತಿಂಗ್ಳು ಇನ್ನೂ ಕಿತ್ತಿಲ್ಲ.”

ಗಡಿಯಾರ ಬಿಚ್ಚುವವರ ಲೋಕದ ಉಪಾಯಗಳನ್ನೆಲ್ಲ ಮೊಬೈಲಿನಲ್ಲಿ ನೋಡಿ ಮುಗಿಸಿದ್ದೇನೆಂದು ತಿಳಿದವಳು ನಾನು. ನಮ್ಮ ಬೀದಿಯ ಮೂಲೆಯಲ್ಲೇ ಒಬ್ಬ ಮನುಷ್ಯ ತಲೆಮಾರಿನಿಂದ ಈ ಕೆಲಸ ಮಾಡಿಕೊಂಡು ಬಂದಿದ್ದಾನೆಂದು ಗೊತ್ತಿರಲಿಲ್ಲ.

ಮುನಿರಾಜು ಗಾಡಿಯ ಮೇಲೆ ಒಂದು ಬಿಳಿ ಪಂಚೆ ಹಾಸಿದ. ಅಯಸ್ಕಾಂತದ ಮುಳ್ಳುಗಳನ್ನು ಒಂದೊಂದಾಗಿ ಕಿತ್ತು ಸಾಲಾಗಿ ಇಡತೊಡಗಿದೆವು. ವಿಶಾಲಾಕ್ಷಮ್ಮ ಬಾಗಿ ನೋಡುತ್ತಿದ್ದರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರ ನೋಟ ನಮ್ಮೆಲ್ಲರಿಗಿಂತ ಚುರುಕು. ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಒಬ್ಬರು ನಿಂತು, “ವಜ್ರ ಏನಾದ್ರೂ ಕಳೀತಾ ಸಾರ್?” ಎಂದು ಮುನಿರಾಜುವನ್ನು ಕೇಳಿದರು. ನಾವು ಪಿನ್ನು ಕೀಳುತ್ತಲೇ ಇದ್ದೆವು.

ನಲವತ್ತಕ್ಕೂ ಹೆಚ್ಚು ಪಿನ್ನುಗಳಾದ ಮೇಲೆ, ನೂಲಿನ ಒಂದು ಉಂಡೆಯೊಳಗೆ ವಿಶಾಲಾಕ್ಷಮ್ಮನವರ ಬೆರಳು ನಿಂತಿತು.

“ಇದೇನಾ ನೋಡು.”

ಕತ್ತಿನಲ್ಲೇ ಉಳಿದಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡೆ. ಏನೂ ಕಾಣಲಿಲ್ಲ. ಗಾಜು ಮಂಜಾಗಿದೆಯೆಂದು ಒರೆಸಿದೆ. ಮಂಜಾಗಿದ್ದದ್ದು ಗಾಜಲ್ಲ. ಕಣ್ಣೊರೆಸಿಕೊಂಡು ಮತ್ತೆ ನೋಡಿದೆ. ಬಗ್ಗಿದ ತುದಿ, ಆ ಕಡೆಗೆ ಸಾಸಿವೆಯ ಸಿಪ್ಪೆಯಷ್ಟು ಪಾದ. ಅದೇ.

“ಅದೇ ಅಮ್ಮ,” ಎಂದೆ.

“ಅದೇ ಅಂದ್ರೆ ಸಾಲದು. ಮೊದಲು ಡಬ್ಬಿಗೆ ಹಾಕು, ಆಮೇಲೆ ಅಳು,” ಎಂದರು ಅವರು. ಮುನಿರಾಜು ಬೆಂಕಿಪೊಟ್ಟಣ ಖಾಲಿ ಮಾಡಿ ಕೊಟ್ಟ. ಆ ಪೊಟ್ಟಣವನ್ನು ವಿಶಾಲಾಕ್ಷಮ್ಮ ನನ್ನ ಕೈಗೆ ಕೊಡಲಿಲ್ಲ. ಮನೆಯವರೆಗೂ ತಾವೇ ಹಿಡಿದುಕೊಂಡು ಬಂದರು.

ಮಾರನೆಯ ದಿನ ಬೆಳಿಗ್ಗೆ ಜೋಡಣೆ. ಬೀರುವಿನಿಂದ ಆ ಬಟ್ಟೆಯನ್ನು ತೆಗೆದು ಮೇಜಿಗೂ ಸೊಂಟಕ್ಕೂ ಕಟ್ಟಿಕೊಂಡೆ. ಯಾರೂ ಗಂಟೆ ಒತ್ತದಂತೆ ನಮ್ಮನೆಯವರು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಪೇಪರು ಓದುತ್ತ ಕೂತರು. ಅಯಸ್ಕಾಂತಕ್ಕೆ ಅಂಟಿದ್ದರಿಂದ ಸ್ಪ್ರಿಂಗಿಗೂ ಸ್ವಲ್ಪ ಆ ಗುಣ ಹತ್ತಿತ್ತು. ಅದನ್ನು ಇಳಿಸುವ ಪುಟ್ಟ ಯಂತ್ರವೊಂದು ನನ್ನ ಹತ್ತಿರವಿದೆ, ಅದರ ಮೇಲೆ ಎರಡು ಸಲ ಹಾಯಿಸಿದೆ. ಪಕ್ಕದಲ್ಲಿ ವಿಶಾಲಾಕ್ಷಮ್ಮ ಕೂತು ಎಣಿಸುತ್ತಿದ್ದರು.

“ತಿರುಪು ಏಳು. ಹಾಕಿದ್ದು ನಾಲ್ಕು, ತಟ್ಟೇಲಿ ಮೂರು. ಸರಿ. ಮುಂದಕ್ಕೆ ಹೋಗು.”

ಸ್ಪ್ರಿಂಗನ್ನು ಒತ್ತುವ ಹೊತ್ತು ಬಂದಾಗ ನನ್ನ ಚಿಮಟ ಮುಂದಕ್ಕೆ ಹೋಗಲಿಲ್ಲ. ಅವರು ನನ್ನ ಮೊಣಕೈಯ ಕೆಳಗೆ ತಮ್ಮ ಅಂಗೈ ಇಟ್ಟರು. ಎಷ್ಟು ಜನ ಹೊಸ ಡಾಕ್ಟರುಗಳ ಮೊಣಕೈಗೆ ಆ ಅಂಗೈ ಹೀಗೆ ಒತ್ತಾಸೆಯಾಗಿತ್ತೋ. ಸ್ಪ್ರಿಂಗು ತನ್ನ ಜಾಗದಲ್ಲಿ ಕೂತಿತು. ಕೀಲಿ ತಿರುಗಿಸಿದೆ. ಕರ್, ಕರ್, ಕರ್. ಗಡಿಯಾರ ನಡೆಯಿತು.

ವಿಶಾಲಾಕ್ಷಮ್ಮ ಅದನ್ನು ಕಿವಿಯ ಹತ್ತಿರ ಹಿಡಿಯಲಿಲ್ಲ, ಕಣ್ಣಿಗೆ ಒತ್ತಿಕೊಳ್ಳಲೂ ಇಲ್ಲ. ಸೆರಗಿಗೆ ಪಿನ್ ಮಾಡಿಕೊಂಡರು. ನನ್ನ ಮಣಿಕಟ್ಟನ್ನು ಹಿಡಿದು, ತಲೆ ಬಗ್ಗಿಸಿ, ಸೆಕೆಂಡಿನ ಮುಳ್ಳು ಒಂದು ಸುತ್ತು ಮುಗಿಸುವವರೆಗೆ ನನ್ನ ನಾಡಿ ಎಣಿಸಿದರು.

“ತೊಂಬತ್ತಾರು. ಜಾಸ್ತಿ ಆಯ್ತು. ಎಷ್ಟು ಹೆದರಿದ್ದೀಯೆ ಹುಚ್ಚಿ. ಹೋಗಿ ಕಾಫಿ ಕುಡಿ.”

ಒಂಬತ್ತು ದಿನ ಕಳೆದು, ಒಂದು ಗುರುವಾರ ಬೆಳಿಗ್ಗೆ ಶ್ರುತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ವಿಶಾಲಾಕ್ಷಮ್ಮ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು, ಎದೆಗೆ ಗಡಿಯಾರ ಸಿಕ್ಕಿಸಿಕೊಂಡು, ಚಿಕ್ಕದೊಂದು ನೋಟ್‌ಬುಕ್ಕು, ಪೆನ್ನು ಹಿಡಿದು ಕಾರು ಹತ್ತಿದ್ದನ್ನು ನಾನೂ ನಮ್ಮನೆಯವರೂ ಗೇಟಿನಲ್ಲಿ ನಿಂತು ನೋಡಿದೆವು. ಡ್ಯೂಟಿಗೆ ಹೊರಟವರ ಹಾಗೇ ಇದ್ದರು. ಮಧ್ಯಾಹ್ನ ಫೋನು ಬಂತು. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂದು ಅವರ ಮಗ ಹೇಳಿದರು. ಸಂಜೆ ವಿಶಾಲಾಕ್ಷಮ್ಮ ಮನೆಗೆ ಬಂದದ್ದೇ ನಾನು ರಸ್ತೆ ದಾಟಿ ಓಡಿದೆ. ಮಗು ಯಾರ ಹಾಗಿದೆ, ಎಷ್ಟು ತೂಕ ಎಂದೆಲ್ಲ ಎಲ್ಲರೂ ಕೇಳುವುದನ್ನು ಬಿಟ್ಟು, ನನಗೆ ಬೇಕಾದ್ದನ್ನೇ ಮೊದಲು ಕೇಳಿದೆ.

“ಎಷ್ಟು ಗಂಟೆಗೆ ಹುಟ್ತು ಅಮ್ಮ?”

ಅವರು ನೋಟ್‌ಬುಕ್ಕನ್ನು ನನ್ನ ಮುಂದೆ ತೆರೆದು ಹಿಡಿದರು. ಹಾಳೆಯ ಮೇಲೆ ಆ ದಿನದ ತಾರೀಖು ಮಾತ್ರ ದುಂಡಗೆ ಬರೆದಿತ್ತು. ಉಳಿದದ್ದು ಖಾಲಿ.

“ಹೊರಗೆ ಬೆಂಚಿನ ಮೇಲೆ ಪೆನ್ನು ಹಿಡ್ಕೊಂಡೇ ಕೂತಿದ್ದೆ ಕಣೆ. ಅಳು ಕೇಳಿಸ್ತು. ಆಮೇಲೆ ಏನು ಮಾಡಿದ್ನೋ ನನಗೇ ಗೊತ್ತಿಲ್ಲ, ಬಾಗಿಲ ಹತ್ತಿರ ಇದ್ದೆ. ಒಬ್ಬಳು ಹುಡುಗಿ ಮಗೂನ ತಂದು ಕೈಗೆ ಕೊಟ್ಲು. ನೋಡ್ತಾ ನಿಂತ್ಬಿಟ್ಟೆ. ಗಡಿಯಾರ ಎದೆ ಮೇಲೇ ಇತ್ತು, ಟಿಕ್ ಟಿಕ್ ಅಂತಿತ್ತು. ನೋಡೋದೇ ಮರ್ತೆ.”

ಮೂರು ದಿನ ನೆಲದ ಮೇಲೆ ಹೊರಳಿದ್ದು, ಹೊಂಗೆ ಮರದಡಿಯ ನಲವತ್ತು ಪಿನ್ನು, ಎಲ್ಲ ನನ್ನ ಕಣ್ಣಮುಂದೆ ಹಾದುಹೋಯಿತು. ಬೇಜಾರಾಗಬೇಕಾಗಿತ್ತು. ಅವರ ಮುಖ ನೋಡಿದರೆ ಬೇಜಾರು ಮಾಡಿಕೊಳ್ಳಲು ಎಡೆಯೇ ಇರಲಿಲ್ಲ.

“ಮೂವತ್ತಾರು ವರ್ಷ, ಮಗು ಬಂತು ಅಂದ್ರೆ ಮೊದಲು ಗಡಿಯಾರ ನೋಡ್ಬೇಕು, ಆಮೇಲೆ ಮಗು. ಅದು ರೂಲ್ಸು. ಇದೊಂದು ಸಲ ಮೊದಲು ಮಗೂನ್ನೇ ನೋಡ್ದೆ,” ಎಂದರು.

“ಹಾಗಾದ್ರೆ ಹುಟ್ಟಿದ ಹೊತ್ತು?” ಎಂದೆ.

“ಆಸ್ಪತ್ರೆ ಕಂಪ್ಯೂಟರು ಬರ್ಕೊಂಡಿದೆ ಬಿಡೆ. ಅದಕ್ಕೇನು, ಮಗು ಮುಖ ನೋಡೋ ಆತುರ ಇರಲ್ವಲ್ಲ.”